ಮೇಲಿನ ಜೇಬಿನಲ್ಲಿ ಕಡ್ಲೆಪುರಿ

ಅಥವಾ ಅದು ಹಸಿರೇ ಇತ್ತೇನೋ. ಖಾಕಿ ಎಂದು ಒಮ್ಮೆ ಬರೆದು ಹೊಡೆದುಹಾಕಿದ್ದೇನೆ. ಹನ್ನೆರಡು ವರ್ಷವೋ ಹದಿಮೂರೋ ಹೆಗಲಿಗೆ ಹಾಕಿಕೊಂಡು ಓಡಾಡಿದ ಚೀಲದ ಬಣ್ಣ ಹೇಳಲು ಇಷ್ಟು ತಡಕಾಡಬೇಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ನಮ್ಮ ಜೀಪಿನ ಡ್ರೈವರಾಗಿದ್ದ ನಂಜೇಗೌಡರಿಗೆ ಫೋನು ಮಾಡಿ ಕೇಳಿದೆ.

"ನೀಲಿ ಕಣ್ರೀ ಸಿಸ್ಟ್ರೇ," ಎಂದರು, ಒಂದು ಕ್ಷಣವೂ ಯೋಚಿಸದೆ. "ಕಡುನೀಲಿ."

ನೀಲಿ ಅಂತೂ ಅಲ್ಲ. ಅಷ್ಟು ಮಾತ್ರ ಖಂಡಿತ. ಖಂಡಿತ ಎಂದು ಬರೆದ ಮೇಲೆ ಅದರ ಮೇಲೂ ಸ್ವಲ್ಪ ಸಂಶಯ ಬಂದಿದೆ. ಇರಲಿ, ಇದನ್ನು ಹೊಡೆದುಹಾಕುವುದಿಲ್ಲ.

ನನ್ನನ್ನು ಬರೆಯಲು ಹಚ್ಚಿದವಳು ತಂಗಿಯ ಮಗಳು ಶ್ವೇತಾ. ಅವಳೂ ನರ್ಸು. "ದೊಡ್ಡಮ್ಮ, ಆಕ್ಸಿಡೆಂಟ್ ಆದ ಜಾಗಕ್ಕೆ ತಗೊಂಡು ಹೋಗೋ ಬ್ಯಾಗ್ ಹೇಗೆ ಜೋಡಿಸ್ಬೇಕು ಅಂತ ಒಂದು ಪೇಜ್ ಬರೆದುಕೊಡಿ. ಹೊಸದಾಗಿ ಬಂದಿರೋ ಹುಡುಗೀರಿಗೆ ಓದಿ ಹೇಳ್ತೀನಿ" ಎಂದಳು. ಒಂದು ಪುಟಕ್ಕೆ ನನ್ನ ಅಗತ್ಯವಿಲ್ಲ. ಈಗಿನ ಬ್ಯಾಗುಗಳ ಮುಚ್ಚಳದ ಒಳಗೇ ಪಟ್ಟಿ ಅಂಟಿಸಿರುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಒಂದು ಆಯುಧಪೂಜೆಯ ದಿನ ತಿಮ್ಮಯ್ಯ ಎಂಬ ಮನುಷ್ಯನ ಬಲಗಾಲು ನನ್ನ ಎರಡು ಕೈಗಳ ನಡುವೆ ಇತ್ತು. ತೆಂಗಿನಮರ ಹತ್ತಿ ಕಾಯಿ ಕೆಡವಿ ಬದುಕುತ್ತಿದ್ದವನು. ಆ ಕಾಲು ಹೋದರೆ ಅವನ ಕೆಲಸವೇ ಹೋಯಿತು. ಚೀಲದ ಮೇಲಿನ ಜೇಬು ತೆರೆದರೆ ಅದರಲ್ಲಿ ಕಡ್ಲೆಪುರಿ ಇತ್ತು.

ಕಡ್ಲೆಪುರಿ ಅಲ್ಲಿಗೆ ಹೇಗೆ ಬಂತು ಎಂದು ಹೇಳಬೇಕಾದರೆ ಚೀಲ ಹೇಗೆ ಬಂತು ಎಂಬಲ್ಲಿಂದ ಶುರುಮಾಡಬೇಕು. ಚೀಲಕ್ಕೂ ಮೊದಲು ಒಂದು ತಗಡಿನ ಡಬ್ಬ ಇತ್ತು.

ನನ್ನ ಮೊದಲ ಕೆಲಸ ಬಿಕ್ಕೋಡಿನ ಕಡೆ, ಕಾಫಿ ತೋಟಗಳ ನಡುವಿನ ಒಂದು ಆರೋಗ್ಯ ಕೇಂದ್ರದಲ್ಲಿ. ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಕೆಂಪು ಪ್ಲಸ್ ಗುರುತು ಬಳಿದ ಬಿಳಿ ಡಬ್ಬವನ್ನು ನನ್ನ ಕೈಗಿಟ್ಟು ಸಹಿ ಹಾಕಿಸಿಕೊಂಡರು. ಅದರೊಳಗೆ ಟಿಂಕ್ಚರ್, ಬೋರಿಕ್ ಪೌಡರ್, ಕಣ್ಣಿನ ಡ್ರಾಪ್ಸು, ಜ್ವರದ ಗುಳಿಗೆ, ಕೆಮ್ಮಿನ ಔಷಧಿ, ಒಂದು ಸಣ್ಣ ಸುರುಳಿ ಬ್ಯಾಂಡೇಜು. ಕತ್ತರಿ ಎಲ್ಲಕ್ಕಿಂತ ಕೆಳಗೆ. ನನಗೆ ಅದು ಬಹಳ ಅಚ್ಚುಕಟ್ಟಾಗಿ ಕಂಡಿತ್ತು. ವಾರಕ್ಕೊಮ್ಮೆ ಬಾಟಲಿಗಳನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸಿ ಒರೆಸುತ್ತಿದ್ದೆ.

ಒಂದು ಬೆಳಿಗ್ಗೆ ತೋಟದ ಆಳುಗಳನ್ನು ತುಂಬಿಕೊಂಡು ಹೋಗುತ್ತಿದ್ದ ಜೀಪು ತಿರುವಿನಲ್ಲಿ ಚರಂಡಿಗೆ ಮಗುಚಿತು. ಡಬ್ಬ ಹಿಡಿದು ಓಡಿದೆ. ಹೆಂಗಸರು ರಸ್ತೆಯ ಬದಿಗೆ ಸಾಲಾಗಿ ಕೂತಿದ್ದರು. ಯಾರಿಗೂ ಜೀವಕ್ಕೆ ಅಪಾಯವಿರಲಿಲ್ಲ, ಆದರೆ ಎಲ್ಲರಿಗೂ ಎಲ್ಲೋ ಒಂದು ಕಡೆ ಗಾಯ, ಮತ್ತು ಎಲ್ಲ ಗಾಯಗಳಿಗೂ ನಾನು ಬರುವ ಮೊದಲೇ ಕಾಫಿಪುಡಿ ಮೆತ್ತಿಯಾಗಿತ್ತು. ಹೋಟೆಲಿನ ಅಡುಗೆಮನೆಯಂಥ ವಾಸನೆ. ನಾನು ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬಾಟಲಿಗಳನ್ನು ಒಂದೊಂದಾಗಿ ಹೊರಗಿಡುತ್ತಾ ಕತ್ತರಿ ಹುಡುಕತೊಡಗಿದೆ. ತಲೆಯಿಂದ ರಕ್ತ ಸುರಿಯುತ್ತಿದ್ದ ಮುದುಕಿಯ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ತಲೆವಸ್ತ್ರ ಬಿಚ್ಚಿದಳು.

"ನೀನು ನಿಧಾನಕ್ಕೆ ಡಬ್ಬ ಹುಡುಕ್ತಿರವ್ವ," ಎಂದಳು. "ನಾನ್ ಕಟ್ತೀನಿ."

ಕಟ್ಟಿದಳು. ರಕ್ತ ನಿಂತಿತು. ನನಗೆ ಕತ್ತರಿ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಏನು ಕತ್ತರಿಸಲಿ ಎಂದು ಸುತ್ತ ನೋಡಿದ್ದು ನೆನಪಿದೆ. ಸಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು, ತಲೆ ಒಡೆದುಕೊಂಡಿದ್ದ ಮುದುಕಿಯೂ ನಕ್ಕಳು. ಅಥವಾ ಆ ನಗು ನಾನು ಆಮೇಲೆ ಸೇರಿಸಿದ್ದಿರಬಹುದು. ಕಾಫಿಪುಡಿ ಮಾತ್ರ ಸೇರಿಸಿದ್ದಲ್ಲ; ನನ್ನ ಬಿಳಿ ಸೀರೆಯ ಮೇಲೆ ಅದರ ಕಲೆ ವರ್ಷಗಟ್ಟಲೆ ಇತ್ತು.

ಎರಡು ವರ್ಷದ ನಂತರ ಹಳೇಬೀಡಿನ ಹತ್ತಿರದ ಕೇಂದ್ರಕ್ಕೆ ವರ್ಗವಾಯಿತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗ ಬೇರೆ ಜನ ಕೆಲಸ ಮಾಡುತ್ತಿದ್ದಾರೆ, ನಮ್ಮ ತಪ್ಪು ಅವರಿಗೆ ಬೇಡ. ಅಂಥದೇ ಡಬ್ಬ ಅಲ್ಲಿಯೂ ಇತ್ತು. ವಿಶ್ವನಾಥ ಡಾಕ್ಟರು ಬಂದ ಮೊದಲ ವಾರವೇ ಅದನ್ನು ಮೇಜಿನ ಮೇಲೆ ತರಿಸಿ, ಮುಚ್ಚಳ ತೆಗೆದು, ಬಾಟಲಿಗಳನ್ನು ನೋಡಿದರು.

"ಏನ್ರೀ ಸಿಸ್ಟರ್, ಆಕ್ಸಿಡೆಂಟಲ್ಲಿ ಬಿದ್ದವನಿಗೆ ಕೆಮ್ಮಿದ್ರೆ ಮಾತ್ರ ಬದುಕ್ತಾನೆ ಅಂತಾಯ್ತು."

ಅವರು ಉದ್ದನೆಯ ಮನುಷ್ಯ, ಮಾತಿನಲ್ಲಿ ಮುಳ್ಳು, ಮನಸ್ಸಿನಲ್ಲಿ ಇಲ್ಲ. ಹಾಸನದ ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲೇ ಜನ ಸಾಯುತ್ತಾರೆ ಎಂಬುದು ಅವರ ತಲೆ ಕೊರೆಯುತ್ತಿತ್ತು. ಆಗ ಕರೆದ ತಕ್ಷಣ ಬರುವ ಆಂಬುಲೆನ್ಸುಗಳಿರಲಿಲ್ಲ. ಇದ್ದದ್ದು ನಂಜೇಗೌಡರ ಜೀಪು, ಅದೂ ಲಸಿಕೆ ಹಾಕುವ ಕೆಲಸಕ್ಕೆ ಹೋಗಿರದಿದ್ದರೆ. ಜೊತೆಗೆ ನಮ್ಮ ಕಡೆಯ ಅಪಘಾತಗಳು ಪುಸ್ತಕದಲ್ಲಿ ಇರುವಂಥವಲ್ಲ. ಸುಗ್ಗಿಯಲ್ಲಿ ರಾಗಿಯನ್ನೂ ಹುರುಳಿಯನ್ನೂ ಗಾಡಿಗಳು ತುಳಿಯಲಿ ಎಂದು ಟಾರು ರಸ್ತೆಯ ಮೇಲೆ ಹರಡುತ್ತಾರೆ, ಅದರ ಮೇಲೆ ಸ್ಕೂಟರು ಜಾರುತ್ತದೆ. ತೆಂಗಿನಮರದಿಂದ ಬೀಳುತ್ತಾರೆ. ದೇವಸ್ಥಾನ ನೋಡಲು ಬಂದ ಶಾಲೆಯ ಮೇಡಂ ಶಿಲಾಬಾಲಿಕೆಯನ್ನು ನೋಡುತ್ತಾ ಹಿಂದೆ ಹಿಂದೆ ನಡೆದು ಜಗತಿಯ ಕಟ್ಟೆಯಿಂದಲೇ ಬೀಳುತ್ತಾರೆ. ಆ ಮೇಡಂ, ತಮ್ಮ ಕಾಲಿಗೆ ನಾನು ಕಟ್ಟಿದ್ದ ಬಿದಿರಿನ ದಬ್ಬೆಯನ್ನು ಹಳೇಬೀಡಿನ ನೆನಪಿಗೆ ಎಂದು ಊರಿಗೇ ತೆಗೆದುಕೊಂಡು ಹೋದರು.

ಹೆಗಲಿಗೆ ಹಾಕಿಕೊಂಡು ಓಡುವಂಥ ಚೀಲ ಬೇಕು ಎಂದು ತೀರ್ಮಾನವಾಯಿತು. ಒಂದು ಶನಿವಾರ ಡಾಕ್ಟರು ಅರಸೀಕೆರೆಗೆ ಮದುವೆಗೆ ಹೊರಟಿದ್ದರು, ನಾನು ಅಲ್ಲಿಂದ ಬಾಣಾವರಕ್ಕೆ, ನನ್ನೂರಿಗೆ. ಒಂದೇ ಬಸ್ಸಿನಲ್ಲಿ ಹೋಗಿ ಸ್ಟೇಷನ್ನಿನ ಕಡೆಯ ಬ್ಯಾಗಿನ ಅಂಗಡಿ ಹೊಕ್ಕೆವು.

ಅಂಗಡಿಯವರು ಕೇಳಿದರು, "ಎಲ್ಲಿಗೆ ಸಾರ್? ಕಾಶಿಗಾ, ತಿರುಪತಿಗಾ?"

"ರಸ್ತೆಗೆ," ಎಂದರು ಡಾಕ್ಟರು.

ಅವರು ಒಂದೊಂದೇ ಚೀಲ ಇಳಿಸುತ್ತಾ ಹೋದರು. ಡಾಕ್ಟರು ಪ್ರತಿಯೊಂದನ್ನೂ ಕಣ್ಣುಮುಚ್ಚಿಕೊಂಡು ತೆರೆದು ನೋಡಿದರು. ಒಂದರ ಜಿಪ್ಪು ಅರ್ಧದಲ್ಲಿ ನಿಲ್ಲುತ್ತಿತ್ತು. ಒಂದರ ಬಾಯಿ ಬಾವಿಯಂತೆ, ಒಳಗೆ ಹಾಕಿದ್ದೆಲ್ಲ ತಳಕ್ಕೆ. ಇನ್ನೊಂದಕ್ಕೆ ಚಕ್ರ. "ಇದನ್ನ ಗದ್ದೆ ಬದುವಿನ ಮೇಲೆ ಎಳ್ಕೊಂಡು ಹೋಗಿ ಸಿಸ್ಟರ್, ಪೇಷಂಟು ನಿಮ್ಮನ್ನ ನೋಡಿ ಎದ್ದು ಬಂದು ಸಹಾಯ ಮಾಡ್ತಾನೆ." ಕೊನೆಗೆ ಅಂಗಡಿಯವರೇ ಸೋತು, "ಎಂಥದ್ದು ಬೇಕು ಹೇಳಿ ಸಾರ್" ಎಂದರು.

"ತೆರೆದ್ರೆ ಮಸಾಲೆದೋಸೆ ಬಿಚ್ಚಿದಂಗೆ ಪೂರ್ತಿ ಬಿಚ್ಕೋಬೇಕು. ಇರೋದೆಲ್ಲ ಒಂದೇ ನೋಟಕ್ಕೆ ಕಾಣ್ಬೇಕು. ನೀರು ಬಿದ್ರೆ ಒಳಗೆ ಹೋಗ್ಬಾರದು."

"ಹಂಗಾದ್ರೆ ಹೊಲಿಸ್ಕೊಳ್ಳಿ ಸಾರ್," ಎಂದು ಅವರು ಚೀಲಗಳನ್ನು ಮೇಲೇರಿಸತೊಡಗಿದರು.

ಹೊಲಿದುಕೊಟ್ಟವರು ಬೇಲೂರಿನ ಬಾಷಾ ಸಾಬರು. ಜೀಪುಗಳಿಗೆ ಟಾರ್ಪಾಲಿನ ಟಾಪು ಹೊಲಿಯುವುದು ಅವರ ಕೆಲಸ. ನಂಜೇಗೌಡರಿಗೆ ಹಳೆಯ ಗುರುತು. ನಾವು ಚೀಲ ಎಂದ ಕೂಡಲೇ ಅವರು ಅಳತೆ ಪಟ್ಟಿ ತೆಗೆಯಲಿಲ್ಲ. "ಅದರಲ್ಲಿ ಏನೇನ್ ಹಾಕ್ತೀರೋ ಅದನ್ನ ತಂದು ಇಲ್ಲಿ ಹರಡಿ ಮೇಡಂ. ಒಳಗಿರೋರು ಯಾರು ಅಂತ ಗೊತ್ತಿಲ್ದೆ ನಾನು ಮನೆ ಹೆಂಗ್ ಕಟ್ಲಿ?" ಎಂದರು. ಮುಂದಿನ ವಾರ ಎಲ್ಲವನ್ನೂ ಒಯ್ದು ಅವರ ಅಂಗಡಿಯ ನೆಲದ ಮೇಲೆ ಹರಡಿದೆ. ಗಾಜ್ ಪ್ಯಾಡಿನ ಅಳತೆಗೆ ಒಂದು ಜೇಬು, ಬ್ಯಾಂಡೇಜಿನ ಸುರುಳಿಗಳಿಗೆ ಗುಂಡು ಗೂಡುಗಳು, ದಬ್ಬೆಗಳಿಗೆ ಬೆನ್ನಿನ ಉದ್ದಕ್ಕೂ ಒಂದು ಸಂದು, ಕತ್ತರಿಗೆ ಬಲಬದಿಯಲ್ಲಿ ಒಂದು ಒರೆ. ಯಾವುದೋ ಟಾಪಿಗೆ ಕತ್ತರಿಸಿ ಉಳಿದ ತುಂಡುಗಳಲ್ಲಿ ಹೊಲಿದರು. ಬಣ್ಣದ ಗೊಂದಲ ಇಲ್ಲಿಂದಲೇ ಹುಟ್ಟಿರಬೇಕು. ಎರಡು ಜೀಪುಗಳ ತುಂಡು ಸೇರಿತ್ತೇ?

ಚೀಲ ಸಿಕ್ಕ ಖುಷಿಗೆ ಅದನ್ನು ತುಂಬಿ ಬಾಣಾವರಕ್ಕೆ ಒಯ್ದು ಅಪ್ಪನಿಗೆ ತೋರಿಸಿದೆ. ಅಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ದಿನವೂ ಹಳಿಯ ಮೇಲೆ ಮೈಲಿಗಟ್ಟಲೆ ನಡೆದು, ಸಡಿಲವಾದದ್ದನ್ನು ಹುಡುಕಿ ಬಿಗಿ ಮಾಡುವ ಕೆಲಸ. ಚೀಲ ಬಿಚ್ಚಿ ನೋಡಿದರು. ಮೇಲಿನ ಜೇಬಿನಲ್ಲಿ ನೋವಿನ ಗುಳಿಗೆ, ಟಿಂಕ್ಚರ್ ಬಾಟಲಿ ಇಟ್ಟಿದ್ದೆ.

"ಅಲ್ಲಿಗೋಗಿ ಮೊದ್ಲು ಏನ್ ಮಾಡ್ತೀಯವ್ವ?"

"ರಕ್ತ ನಿಲ್ಲಿಸ್ತೀನಿ."

"ಮತ್ತೆ ಗುಳಿಗೆ ಯಾಕೆ ಮ್ಯಾಲೈತೆ?"

ಎದ್ದು ಹೋಗಿ ಗೋಡೆಗೆ ನೇತು ಹಾಕಿದ್ದ ತಮ್ಮ ಹಳೆಯ ಚೀಲ ತಂದು ಬಿಚ್ಚಿದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಎಲ್ಲಕ್ಕಿಂತ ಮೇಲೆ ಕೆಂಪು ಬಾವುಟ ಮಡಿಸಿ ಇಟ್ಟಿತ್ತು. ಸ್ಪ್ಯಾನರು ಕೆಳಗೆ. "ಹಳಿ ಮುರಿದಿದ್ರೆ ರಿಪೇರಿ ಆಮ್ಯಾಲೆ. ಮೊದ್ಲು ರೈಲು ನಿಲ್ಬೇಕು."

ಈ ಮಾತನ್ನು ನಾನು ಎಷ್ಟೋ ತರಬೇತಿಗಳಲ್ಲಿ ಹೇಳಿದ್ದೇನೆ. ಅದು ತಮ್ಮದೇ ಮಾತು, ನಾನು ಅಪ್ಪನ ಬಾಯಿಗೆ ಹಾಕಿದ್ದೇನೆ ಎಂದು ಡಾಕ್ಟರು ವಾದಿಸುತ್ತಿದ್ದರು. ಅಪ್ಪ ಈಗಿಲ್ಲ. ಬಾವುಟ ಮಾತ್ರ ನನ್ನ ಬೀರುವಿನಲ್ಲಿದೆ.

ಅಂತೂ ಚೀಲಕ್ಕೆ ಒಂದು ಕ್ರಮ ಬಂತು. ಮೇಲಿನ ಜೇಬಿನಲ್ಲಿ ಗ್ಲೌಸು (ಆಗ ಅದನ್ನು ತೊಳೆದು, ಪೌಡರ್ ಹಾಕಿ, ಮತ್ತೆ ಬಳಸುತ್ತಿದ್ದೆವು), ದಪ್ಪ ಪ್ಯಾಡು, ಅಗಲ ಬ್ಯಾಂಡೇಜು. ಬಲಕ್ಕೆ ಕತ್ತರಿ. ಎಡಕ್ಕೆ ಹಳೆಯ ಪಂಚೆ ಕತ್ತರಿಸಿ ಮಾಡಿದ ಮೂರು ಮೂಲೆಯ ಪಟ್ಟಿಗಳು, ಮುರಿದ ಕೈ ತೂಗುಹಾಕಲು. ಬೆನ್ನಿಗೆ ದಬ್ಬೆ. ತಳದಲ್ಲಿ ಸಲೈನು. ಒಂದು ಪೆನ್ಸಿಲು, ಚೀಟಿ. ಎಷ್ಟು ಹೊತ್ತಿಗೆ ಕಟ್ಟು ಹಾಕಿದೆವು ಎಂದು ಬರೆದು ಅಂಗಿಗೆ ಸಿಕ್ಕಿಸಿ ಕಳಿಸಲು. ಟಿಂಕ್ಚರ್, ಗುಳಿಗೆ ಎಲ್ಲ ಹಳೆಯ ಡಬ್ಬಕ್ಕೆ ವಾಪಸು. ಚೀಲದ ಕೆಲಸ ವಾಸಿ ಮಾಡುವುದಲ್ಲ, ದೊಡ್ಡಾಸ್ಪತ್ರೆ ಮುಟ್ಟುವವರೆಗೆ ಹಿಡಿದಿಡುವುದು.

ರೋಗಿಗಳಿಲ್ಲದ ಮಧ್ಯಾಹ್ನ ಡಾಕ್ಟರು ನನ್ನ ಕಣ್ಣಿಗೆ ಟವೆಲ್ ಕಟ್ಟಿ ಪರೀಕ್ಷೆ ಮಾಡುತ್ತಿದ್ದರು. "ಪ್ಯಾಡ್! ಕತ್ತರಿ! ದಬ್ಬೆ!" ರೋಗಿಯ ಪಾತ್ರ ನಂಜೇಗೌಡರದು. ಬೆಂಚಿನ ಮೇಲೆ ಉದ್ದಕ್ಕೆ ಮಲಗಿ, "ಅಯ್ಯೋ ನನ್ ಎಮ್ಮೆ ಯಾರ್ ಹಾಲು ಕರೀತಾರೋ... ಸಿಸ್ಟ್ರೇ, ಅದು ನನ್ ಮೂಗು, ಕಾಲು ಆ ಕಡೆ ಐತೆ" ಎಂದು ನರಳುತ್ತಿದ್ದರು. ಹೊರಗೆ ಚೀಟಿ ಮಾಡಿಸಲು ಬಂದವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಒಂದು ತಿಂಗಳಲ್ಲಿ ನನ್ನ ಕೈ ನನ್ನ ಕಣ್ಣನ್ನು ಕೇಳುವುದನ್ನು ಬಿಟ್ಟಿತು. ಅದೇ ಆಮೇಲೆ ಮುಳುವಾಯಿತು. ಕೈ ಹೋದ ಕಡೆ ವಸ್ತು ಇಲ್ಲದಿದ್ದರೆ ಅಂಥ ಕೈಗೆ ಮುಂದೇನು ಎಂದು ತಿಳಿಯುವುದಿಲ್ಲ.

ಈಗ ಆಯುಧಪೂಜೆ. ಡಾಕ್ಟರು ರಜೆಯ ಮೇಲೆ ಊರಿಗೆ ಹೋಗಿದ್ದರು. ಡ್ಯೂಟಿಯಲ್ಲಿ ನಾನು. ಬೆಳಿಗ್ಗೆಯೇ ನಂಜೇಗೌಡರು ಜೀಪನ್ನು ತೊಳೆದು, ಮುಂದೆ ಎರಡು ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಇಳಿಬಿಟ್ಟು, ಬಾನೆಟ್ಟಿನ ಮೇಲೆ ಹೊಸ ಬಿಳಿ ಟವೆಲ್ ಹಾಸಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಜೀಪಿಗೆ ಪೂಜೆ, ಬಿ.ಪಿ. ಮಿಷನ್ನಿಗೆ ಪೂಜೆ. ಚೀಲ ಏನ್ ಪಾಪ ಮಾಡೈತೆ ಸಿಸ್ಟ್ರೇ?"

"ಮುಚ್ಚಿದ ಹಾಗೇ ಇಟ್ಟು ಮಾಡಿ ನಂಜೇಗೌಡ್ರೇ."

"ಆಯುಧ ಒಳಗೆ, ಪೂಜೆ ಆಚೆ! ಅದೆಂಥ ಪೂಜೆ? ದೇವರಿಗೆ ಜಿಪ್ಪು ತೆಗಿಯಕ್ ಬರಲ್ಲ."

ನಮ್ಮ ಮನೆಯಲ್ಲಿ ಆಯುಧಪೂಜೆ ಇಲ್ಲ. ಅಪ್ಪ ನಡುವಯಸ್ಸಿನಲ್ಲಿ ಬುದ್ಧನನ್ನು ಹಿಡಿದವರು; ಹಜಾರದಲ್ಲಿ ಒಂದೇ ಪಟ, ಅದರ ಮುಂದೆ ಒಂದು ಮೇಣದ ಬತ್ತಿ. ಪೂಜೆಯ ನಿಯಮಗಳು ನನಗೆ ತಿಳಿಯದು. ತಿಳಿಯದ್ದರಿಂದ ಇನ್ನೊಬ್ಬರ ಹಬ್ಬಕ್ಕೆ ಅಡ್ಡ ಮಾತಾಡಬಾರದು ಎಂಬ ಸಂಕೋಚ. ಚೀಲ ಬಿಚ್ಚಿದೆವು. ಪ್ಯಾಡು, ಸುರುಳಿ, ದಬ್ಬೆ, ಕತ್ತರಿ ಎಲ್ಲವನ್ನೂ ತೊಳೆದ ಬೆಂಚಿನ ಮೇಲೆ ಸಾಲಾಗಿ ಇಟ್ಟೆವು. ಕುಂಕುಮ, ಹೂವು, ಕರ್ಪೂರ. ಪೂಜೆ ಆಯಿತು. ನಿಜ ಹೇಳಬೇಕೆಂದರೆ ಆ ಸಾಲು ನೋಡಲು ಬಹಳ ಚೆನ್ನಾಗಿತ್ತು.

"ಇನ್ನು ನಾಳೆವರ್ಗೂ ಯಾವುದನ್ನೂ ಮುಟ್ಟಂಗಿಲ್ಲ," ಎಂದರು ನಂಜೇಗೌಡರು. "ಪೂಜೆಯಾದ ಆಯುಧಕ್ಕೆ ಇವತ್ತು ರಜೆ."

"ಯಾರಾದ್ರೂ ಬಂದ್ರೆ?"

"ಇವತ್ತು ಯಾರ್ ಬತ್ತಾರೆ? ಎಲ್ಲರ ಮಚ್ಚು, ನೇಗಿಲು ಗೋಡೆಗೊರಗಿ ಕೂತವೆ."

ಆಮೇಲೆ ಅವರು ಬೂದುಗುಂಬಳಕಾಯಿ ಹಿಡಿದು ಜೀಪಿನಲ್ಲಿ ಕೆರೆ ಏರಿಯ ತಿರುವಿಗೆ ಹೋದರು. ಕಾಯಿ ಒಡೆಯುವುದಕ್ಕೆ ದಾರಿಗಳು ಕೂಡುವ ಜಾಗವೇ ಆಗಬೇಕು ಎಂದು ಅವರ ಹಟ. ಅದು ಬರೀ ಅವರದಲ್ಲ, ಸುತ್ತಿನ ಟ್ರ್ಯಾಕ್ಟರು, ಆಟೋ, ಮೋಟರ್‌ಬೈಕಿನವರೆಲ್ಲರ ಹಟವೂ ಅದೇ. ಅಷ್ಟರಲ್ಲಿ, ಅಥವಾ ಅವರು ಬಂದ ಮೇಲೆ, ಯಾರೋ ಚೀಲಕ್ಕೆ ಎಲ್ಲವನ್ನೂ ವಾಪಸು ತುಂಬಿದರು. ಯಾರೋ ಎಂದೆ. ಕೇಂದ್ರದಲ್ಲಿ ಇದ್ದವರು ನಾವಿಬ್ಬರೇ.

ಮಧ್ಯಾಹ್ನ ಊಟದ ಹೊತ್ತಿಗೆ ಸೈಕಲ್ಲಿನಲ್ಲಿ ಒಬ್ಬರು ಏದುಸಿರು ಬಿಡುತ್ತಾ ಬಂದರು. "ಏರಿ ತಿರುವಲ್ಲಿ ಮೂರ್ ಜನ ಬಿದ್ದವ್ರೆ ಸಿಸ್ಟ್ರೇ! ರಸ್ತೆ ತುಂಬಾ ರಕ್ತ!"

ಚೀಲ ಎತ್ತಿಕೊಂಡು ಜೀಪು ಹತ್ತಿದೆ. ಪೂಜೆಯಾದ ಜೀಪನ್ನು ತೆಗೆಯಬೇಕೇ ಎಂದು ನಂಜೇಗೌಡರು ಕೇಳಲಿಲ್ಲ.

ತಿರುವಿನಲ್ಲಿ ರಸ್ತೆ ಕೆಂಪಾಗಿತ್ತು. ಮೂರು ಜನ ಬಿದ್ದಿದ್ದೂ ನಿಜ. ಒಡೆದ ಕುಂಬಳಕಾಯಿಗಳ ಮೇಲೆ ಮೊಪೆಡ್ಡು ಜಾರಿ ಬಿದ್ದವನು ಒಬ್ಬನೇ, ತಿಮ್ಮಯ್ಯ. ಇನ್ನಿಬ್ಬರು ಅವನನ್ನು ಎತ್ತಲು ಓಡಿ ಬಂದು ಅದೇ ಕುಂಬಳಕಾಯಿಯ ಲೋಳೆಯ ಮೇಲೆ ಜಾರಿ ಕೂತವರು. ತಿಮ್ಮಯ್ಯ ತೋಟದ ಯಜಮಾನರ ಮನೆಯಲ್ಲಿ ಪೂಜೆ ಮುಗಿಸಿ ಬರುತ್ತಿದ್ದ. ಹೊಸ ಪಂಚೆ ಉಟ್ಟಿದ್ದ. ಹಬ್ಬಕ್ಕೆಂದು ಮಸೆದು, ಹೂ ಮುಡಿಸಿದ್ದ ಮಚ್ಚು ಮೊಪೆಡ್ಡಿನ ಪಕ್ಕದ ಚೀಲದಲ್ಲಿತ್ತು. ಬೀಳುವಾಗ ಅದು ಹಾರಿ ಅವನ ಕಾಲನ್ನೇ ಕಡಿದಿತ್ತು.

ಮಂಡಿಯೂರಿ ಕೂತೆ. ಅವನ ಮೊಣಕಾಲು ಕೆಂಪಗೆ ತೊಯ್ದಿತ್ತು. ಎರಡೂ ಅಂಗೈಯಿಂದ ಅದನ್ನು ಅದುಮಿ ಹಿಡಿದೆ.

"ಅದು ಕುಂಕುಮ ಸಿಸ್ಟ್ರೇ!" ಎಂದು ತಿಮ್ಮಯ್ಯ ಕೂಗಿದ. "ಹಿಂದ್ಗಡೆ! ಹಿಂದ್ಗಡೆ ನೋಡಿ!"

ಮೀನಖಂಡದಲ್ಲಿ ಅಡ್ಡಕ್ಕೆ ಆಳವಾದ ಬಾಯಿ. ರಕ್ತ ಬಿಟ್ಟುಬಿಟ್ಟು ಚಿಮ್ಮುತ್ತಿತ್ತು. ಕೈ ಅಲ್ಲಿಗೆ ಒತ್ತಿ, ಇನ್ನೊಂದು ಕೈಯಲ್ಲಿ, ನೋಡದೆಯೇ, ಮೇಲಿನ ಜೇಬು ತೆರೆದೆ. ಪ್ಯಾಡಿನ ಬದಲು ಪೇಪರಿನ ಪೊಟ್ಟಣ ಸಿಕ್ಕಿತು, ಹರಿಯಿತು, ಕಡ್ಲೆಪುರಿ ರಸ್ತೆಗೆಲ್ಲ ಚೆಲ್ಲಿತು. ಹಿಂದೆಯೇ ಒಂದು ಬಾಳೆಹಣ್ಣು, ಅರ್ಧ ಹೋಳು ಕಾಯಿ, ಒಂದು ನಿಂಬೆಹಣ್ಣು. ಪೂಜೆಯ ಪ್ರಸಾದವನ್ನು ಯಾರೋ ಭಕ್ತಿಯಿಂದ ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು.

ನನ್ನ ಕೈ ನಿಂತುಬಿಟ್ಟಿತು. ಎಷ್ಟು ಹೊತ್ತು? ಒಂದು ಉಸಿರಿನಷ್ಟು ಎಂದು ಬರೆಯಲು ಇಷ್ಟ. ನಂಜೇಗೌಡರು ಹೆಚ್ಚು ಹೇಳುತ್ತಾರೆ.

"ಟವೆಲ್!" ಎಂದು ಕೂಗಿದೆ. ಬಾನೆಟ್ಟಿನ ಮೇಲಿದ್ದ ಪೂಜೆಯ ಟವೆಲನ್ನು ನಂಜೇಗೌಡರು ಕಿತ್ತು ಎಸೆದರು. ಅದನ್ನು ಮಡಿಸಿ ಗಾಯದ ಮೇಲಿಟ್ಟು ಮೈಭಾರ ಹಾಕಿ ಒತ್ತಿದೆ. ಚಿಮ್ಮುವುದು ನಿಂತಿತು. ಆದರೆ ಅವನನ್ನು ಅಲ್ಲಿಂದ ಕದಲಿಸುವಂತಿರಲಿಲ್ಲ; ಪಂಚೆಯ ಜರಿ ಅಂಚು ಮೊಪೆಡ್ಡಿನ ಚೈನಿಗೆ ಸುತ್ತಿಕೊಂಡು ಕಾಲನ್ನು ಗಾಡಿಗೇ ಕಟ್ಟಿಹಾಕಿತ್ತು. ನಾನು ಕೈ ಬಿಡುವ ಹಾಗಿಲ್ಲ.

"ಕತ್ತರಿ ಕೊಡಿ, ಬಲಗಡೆ ಒರೆಯಲ್ಲಿದೆ!"

ನಂಜೇಗೌಡರು ತಡಕಿದರು. "ಒರೆಯಲ್ಲಿ ಪ್ಯಾಡ್ ತುರುಕೈತೆ. ಕತ್ತರಿ ಇಲ್ಲ ಸಿಸ್ಟ್ರೇ."

ರಸ್ತೆಯ ಮೇಲೆ ಒಂದೇ ಒಂದು ಹರಿತವಾದ ವಸ್ತು ಇತ್ತು. ಸೇವಂತಿಗೆ ಹೂವು ಇನ್ನೂ ಹಿಡಿಗೆ ಸುತ್ತಿಕೊಂಡೇ ಇತ್ತು. ನಂಜೇಗೌಡರು ಮಚ್ಚನ್ನು ನೋಡಿದರು, ನನ್ನನ್ನು ನೋಡಿದರು. "ಪೂಜೆ ಮಾಡಿರೋದು..." ಎಂದರು.

"ಎತ್ಕೊಳ್ಳೋ ಗೌಡ!" ಎಂದು ಮಲಗಿದ್ದಲ್ಲಿಂದಲೇ ತಿಮ್ಮಯ್ಯ ಗದರಿದ. "ನನ್ ಮಚ್ಚು, ನಾನೇ ಹೇಳ್ತಾವ್ನಿ. ನನ್ ಕಾಲನ್ನೇ ಮುಟ್ಟಿ ಆಗೈತೆ, ಇನ್ನು ಪಂಚೆ ಮುಟ್ಟಿದ್ರೆ ಏನಾಯ್ತದೆ? ಅಂಚು ಮಾತ್ರ ಉಳಿಸ್ಲಾ, ಹೊಸದು!"

ಅಂಚು ಉಳಿಯಲಿಲ್ಲ. ನಂಜೇಗೌಡರು ಮಚ್ಚನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಪಂಚೆಯನ್ನು ಸರಸರನೆ ಕೊಯ್ದರು. ಕಾಲು ಬಿಡಿಸಿಕೊಂಡಿತು. ಟವೆಲಿನ ಮೇಲೆ ಎರಡು ಸುರುಳಿ ಬ್ಯಾಂಡೇಜು ಬಿಗಿದೆ, ಹೊತ್ತು ಬರೆದು ಚೀಟಿ ಸಿಕ್ಕಿಸಿದೆ, ಜಾರಿ ಬಿದ್ದಿದ್ದ ಇಬ್ಬರೂ ಸೇರಿ ಅವನನ್ನು ಜೀಪಿಗೆ ಎತ್ತಿ ಹಾಕಿದರು.

ಹಾಸನದ ದಾರಿಯುದ್ದಕ್ಕೂ ಬಾಳೆಕಂದು, ಹೂವಿನ ಹಾರ ಹೊತ್ತ ನಮ್ಮ ಜೀಪು ಹಾರನ್ ಬಾರಿಸುತ್ತಾ ಹೋಯಿತು. ಯಾರೂ ದಾರಿ ಬಿಡಲಿಲ್ಲ. ಹಬ್ಬದ ಗಾಡಿ ಎಂದುಕೊಂಡು ಕೈಬೀಸಿದರು, ಒಬ್ಬರು ಹೂ ಎಸೆದರು. ನಂಜೇಗೌಡರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಿಂದ ಮುಂದಿನ ಗಾಜಿನ ಮೇಲಿನ ಹಾರ ಸರಿಸುತ್ತಾ ಬೈಯುತ್ತಿದ್ದರು. ಹಿಂದೆ ನನ್ನ ಮಡಿಲ ಮೇಲೆ ಕಾಲಿಟ್ಟು ಮಲಗಿದ್ದ ತಿಮ್ಮಯ್ಯನ ಮುಖ ಬಿಳಿಚಿತ್ತು.

"ಸಿಸ್ಟ್ರೇ, ಪುರಿ ಒಂದಿಷ್ಟು ಉಳಿದಿದ್ರೆ ಕೊಡಿ. ಬೆಳಿಗ್ಗೆಯಿಂದ ಉಪವಾಸ."

"ಕೊಡಲ್ಲ. ಆಪರೇಷನ್ ಆಗಬೇಕಾಗುತ್ತೆ, ಹೊಟ್ಟೆ ಖಾಲಿ ಇರಬೇಕು."

"ಬಾಳೆಹಣ್ಣು?"

"ಇಲ್ಲ."

ಜೀಪಿನ ಟಾಪಿನ ಕಡೆ ಮುಖ ತಿರುಗಿಸಿದ. ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದ, "ಮರ ಹತ್ತಕ್ಕೆ ಆಯ್ತದಾ?"

ಆಗುತ್ತದೆ ಎಂದೆನೋ, ನೋಡೋಣ ಎಂದೆನೋ. ರಕ್ತ ಓಡುತ್ತಿದೆಯೇ ಎಂದು ಅವನ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡೇ ಇದ್ದೆ. ಬೆಚ್ಚಗಿತ್ತು. ಹಾಸನದವರೆಗೂ ಬೆಚ್ಚಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆದುಕೊಂಡು ಹೋದರು. ಸಂಜೆ ಹೊರಬಂದ ಸರ್ಜನ್ನರು ಕಾಲು ಉಳಿಯುತ್ತದೆ, ಆದರೆ ನರದ ಮಾತು ಈಗಲೇ ಹೇಳಲಾಗದು, ಮರ ಹತ್ತುವ ಕಾಲಾಗುತ್ತದೋ ನಡೆಯುವ ಕಾಲಾಗುತ್ತದೋ ಕಾದು ನೋಡಬೇಕು ಎಂದರು.

ಕೇಂದ್ರಕ್ಕೆ ಹಿಂತಿರುಗಿ ನೋಡಿದರೆ ಕತ್ತರಿ ಗೋಡೆಯ ದೇವರ ಪಟದ ಮುಂದೆ ವೀಳ್ಯದೆಲೆಯ ಮೇಲೆ ಮಲಗಿತ್ತು. ಅದರ ಮೇಲೊಂದು ಹೂವು, ಹಿಡಿಯ ಮೇಲೆ ಹೆಬ್ಬೆರಳಿನ ಕುಂಕುಮ. ಕತ್ತರಿಯನ್ನು ಹಾಗೆ ಬೇರೆ ಮಾಡಿ ಇಟ್ಟವರು ನಂಜೇಗೌಡರು ಎಂದೇ ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಮೊನ್ನೆ ಫೋನಿನಲ್ಲಿ ಬಣ್ಣದ ಮಾತಿನ ನಡುವೆ ಅದನ್ನೂ ಕೇಳಿದೆ.

"ನೀವೇ ಇಟ್ರಲ್ಲ ಸಿಸ್ಟ್ರೇ! 'ಇದು ನನ್ ಆಯುಧ ನಂಜೇಗೌಡ್ರೇ, ಇದಕ್ಕೆ ನಾನೇ ಇಡ್ತೀನಿ' ಅಂತ. ನಾನು ಕಣ್ಣಾರೆ ಕಂಡೀನಿ."

ಚೀಲವನ್ನು ನೀಲಿ ಎಂದವರ ಕಣ್ಣು ಅದು. ಆದರೂ ನನಗೆ ನಗು ಬಂತು. ಆ ಸಾಲು ಚೆನ್ನಾಗಿತ್ತು ಎಂದು ಈಗಾಗಲೇ ಬರೆದಿದ್ದೇನಲ್ಲ.

ಡಾಕ್ಟರು ರಜೆ ಮುಗಿಸಿ ಬಂದಾಗ ನಾವಿಬ್ಬರೂ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆವು. ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದೆ. ಅವರು ಚೀಲ ತರಿಸಿ ಒರೆಯಿಂದ ಪ್ಯಾಡುಗಳನ್ನು ಎಳೆದು ತೆಗೆದರು. ಸಂದಿಯಿಂದ ಒಂದು ಕಡ್ಲೆಪುರಿ ಉದುರಿತು. ಎತ್ತಿ ಬಾಯಿಗೆ ಹಾಕಿಕೊಂಡರು. "ನಿಮ್ಮ ದೇವರಿಗೆ ಬೇಕಾದ್ದು ಪೂಜೆ ತಾನೆ ನಂಜೇಗೌಡ್ರೇ? ಇನ್ನು ಮೇಲೆ ಆ ತಗಡಿನ ಡಬ್ಬಕ್ಕೆ ಮಾಡಿ. ಅದಕ್ಕೆ ವರ್ಷವೆಲ್ಲ ರಜೆ."

ಹಾಗೆಯೇ ಆಯಿತು. ಪ್ರತಿ ಆಯುಧಪೂಜೆಗೆ ಟಿಂಕ್ಚರ್, ಕೆಮ್ಮಿನ ಔಷಧಿ ಸಮೇತ ಆ ಡಬ್ಬ ಬೆಂಚಿನ ಮೇಲೆ ಕೂತು ಹಾರ ಹಾಕಿಸಿಕೊಂಡಿತು. ಕೊನೆಗೂ ಅದಕ್ಕೊಂದು ಕೆಲಸ ಸಿಕ್ಕಿತು. ಕತ್ತರಿಗೆ ಉದ್ದನೆಯ ದಾರ ಬಂತು, ಅದರ ಇನ್ನೊಂದು ತುದಿಯನ್ನು ಬಾಷಾ ಸಾಬರು ಚೀಲಕ್ಕೇ ಹೊಲಿದರು. ಶ್ವೇತಾ, ನೀನು ಒಮ್ಮೆ ಆ ದಾರ ಯಾಕೆ ಎಂದು ಕೇಳಿದ್ದೆ; ಇದಕ್ಕೆ. ಮತ್ತೆ ಚೀಲವನ್ನು ಯಾರೇ ತೆರೆದು ಮುಚ್ಚಲಿ, ತುಂಬಿದವರು ಚೀಟಿಯ ಮೇಲೆ ಸಹಿ ಹಾಕಿ ಮೇಲಿನ ಜೇಬಿನಲ್ಲಿಡಬೇಕು ಎಂದಾಯಿತು. ಹೊಸ ಹುಡುಗಿಯರೇ, ನೀವು ಬೇರೆ ಏನನ್ನು ಮರೆತರೂ ಇದನ್ನು ಮಾಡಿ. ಇನ್ನೊಬ್ಬರು ಜೋಡಿಸಿದ ಚೀಲವನ್ನು ತೆರೆದು ನೋಡದೆ ಹೆಗಲಿಗೆ ಹಾಕಬೇಡಿ. ನೀವೇ ಜೋಡಿಸಿದ್ದಾದರೂ ನೋಡಿ.

ತಿಮ್ಮಯ್ಯ ಆ ಸುಗ್ಗಿಗೆ ಕೋಲು ಹಿಡಿದು ನಡೆದ. ಬೇಸಿಗೆಗೆ ಕೋಲು ಬಿಟ್ಟ. ಡ್ರೆಸ್ಸಿಂಗಿಗೆ ಬಂದಾಗಲೆಲ್ಲ ಅವನ ಕಣ್ಣು ನಮ್ಮ ಹಿತ್ತಲಿನ ತೆಂಗಿನಮರದ ಮೇಲೆ. ನಾನು ಕಾಲಿನ ಮಾತು ಎತ್ತುತ್ತಿರಲಿಲ್ಲ, ಅವನೂ ಎತ್ತುತ್ತಿರಲಿಲ್ಲ. ಮುಂದಿನ ಆಯುಧಪೂಜೆಯ ಬೆಳಿಗ್ಗೆ ಸೊಂಟಕ್ಕೆ ಅದೇ ಮಚ್ಚು ಸಿಕ್ಕಿಸಿಕೊಂಡು, ಅಂಚಿಲ್ಲದ ಆ ಪಂಚೆಯನ್ನೇ ಎತ್ತಿ ಕಟ್ಟಿಕೊಂಡು ಬಂದ. ಯಾರನ್ನೂ ಕೇಳದೆ ಹಿತ್ತಲಿಗೆ ಹೋದ.

"ಚೀಲ ಸರಿಯಾಗಿ ತುಂಬಿದ್ದೀರಾ ಸಿಸ್ಟ್ರೇ?" ಎಂದ, ಮರಕ್ಕೆ ಕೈ ಹಚ್ಚಿ. "ಈ ಸಲ ಪುರಿ ಇಲ್ಲ ತಾನೆ?"

"ಏಯ್ ತಿಮ್ಮಯ್ಯ, ಬೇಡ ಕಣಯ್ಯಾ!" ಡಾಕ್ಟರು ಪೂಜೆಯ ತಟ್ಟೆ ಬಿಟ್ಟು ಓಡಿ ಬಂದರು.

ಅವನಾಗಲೇ ಎರಡಾಳು ಮೇಲಿದ್ದ. ಎಡಗಾಲು, ಬಲಗಾಲು, ಎಡಗಾಲು. ಬಲಗಾಲು ಪ್ರತಿ ಸಲವೂ ಒಂದು ಚೂರು ತಡೆದು ಮರಕ್ಕೆ ಅಂಟುತ್ತಿತ್ತು. ನಾನು ಚೀಲ ಹೆಗಲಿಗೆ ಹಾಕಿಕೊಂಡು, ಒಂದು ಕೈ ಮೇಲಿನ ಜೇಬಿನ ಮೇಲಿಟ್ಟು, ಬಾಯಿ ತೆರೆದು ಮೇಲೆ ನೋಡುತ್ತಾ ನಿಂತಿದ್ದೆ. ನಂಜೇಗೌಡರು ಎಲ್ಲ ದೇವರ ಹೆಸರನ್ನೂ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದ್ದರು. ಸುಳಿಯ ಹತ್ತಿರ ಮುಟ್ಟಿ, ಗರಿಗಳ ನಡುವೆ ಕೂತು, ತಿಮ್ಮಯ್ಯ ಅಲ್ಲಿಂದ ಜೋರಾಗಿ ಸಿಳ್ಳೆ ಹಾಕಿದ. ಎಳನೀರಿನ ಗೊನೆ ಧೊಪ್ಪೆಂದು ಬಿತ್ತು.

ನೆರಳಲ್ಲಿ ಕೂತು ಎಳನೀರು ಕುಡಿಯುವಾಗ ನಂಜೇಗೌಡರು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇ ಬಿಟ್ಟರು. "ತಿಮ್ಮಯ್ಯ, ಅವತ್ತು ನಾನು ಕಾಯಿ ಒಡೆದಿದ್ದು ಮೈಲಿಗಲ್ಲಿನ ಪಕ್ಕ. ನೀನು ಜಾರಿದ್ದು ಎಲ್ಲಿ, ಕಲ್ಲಿಂದ ಈ ಕಡೆಗಾ, ಆ ಕಡೆಗಾ?"

ತಿಮ್ಮಯ್ಯ ಎಳನೀರು ಪೂರ್ತಿ ಮುಗಿಸಿ ಬಾಯಿ ಒರೆಸಿಕೊಂಡ.

"ಕಾಯಿ ಮ್ಯಾಲೆ ನಿನ್ ಹೆಸ್ರು ಬರ್ದಿದ್ದೇನ್ಲಾ ಗೌಡ, ನಾನು ಓದ್ಕೊಂಡು ಜಾರಕ್ಕೆ?" ಎಂದ. ನಕ್ಕೆವು. ಅವನು ಉತ್ತರ ಹೇಳಲಿಲ್ಲ, ನಾವು ಮತ್ತೆ ಕೇಳಲಿಲ್ಲ. ನಾನು ನಿವೃತ್ತಳಾದ ದಿನವೂ ಒಂದು ಗೊನೆ ಎಳನೀರು ತಂದಿದ್ದ, ಅವತ್ತಾದರೂ ಕೇಳಬಹುದಿತ್ತು.

ಆ ಕುಂಬಳಕಾಯಿ ನಮ್ಮದೋ ಬೇರೆಯವರದೋ, ನನಗೆ ಗೊತ್ತಿಲ್ಲ. ಕತ್ತರಿಯನ್ನು ಪಟದ ಮುಂದೆ ಇಟ್ಟವರು ಯಾರು, ಪುರಿಯ ಪೊಟ್ಟಣವನ್ನು ಮೇಲಿನ ಜೇಬಿಗೆ ಹಾಕಿದ ಕೈ ಯಾರದು, ಗೊತ್ತಿಲ್ಲ. ಚೀಲದ ಬಣ್ಣವೂ ಗೊತ್ತಿಲ್ಲ.